ಅತ್ತಿ ಮರದ ಅರವತ್ನಾಲ್ಕು ಸಾಲು

ಕಂಚುಗಾರ ಹಕ್ಕಿ ಕೂಗುವಾಗ ಕೊಕ್ಕು ತೆರೆಯುವುದಿಲ್ಲ. ಪುಸ್ತಕದಲ್ಲಿ ಓದಿದ್ದೆನಾದರೂ ನಂಬಿಕೆ ಬಂದದ್ದು ಫೆಬ್ರವರಿಯ ಒಂದು ಬೆಳಿಗ್ಗೆ, ಮೈಸೂರಿನ ನಮ್ಮ ಮನೆಯ ಹಿಂದಿನ ಅತ್ತಿ ಮರಕ್ಕೆ ದುರ್ಬೀನು ನೆಟ್ಟು ಕೂತಾಗ. ಮೇಲಿನ ಒಣಗೊಂಬೆಯ ತುದಿಯಲ್ಲಿ ಕೂತಿತ್ತು. ಗುಬ್ಬಚ್ಚಿಗಿಂತ ಚೂರು ದಪ್ಪ, ಬೆನ್ನು ಹಸಿರು, ಹಣೆಯಲ್ಲಿ ಕುಂಕುಮವಿಟ್ಟಂತೆ ಕೆಂಪು, ಎದೆಗೆ ಅಡ್ಡಲಾಗಿ ಇನ್ನೊಂದು ಕೆಂಪು, ಕಣ್ಣಿನ ಸುತ್ತ ಹಳದಿ. ಟುಕ್, ಟುಕ್, ಟುಕ್. ಒಂದೊಂದು ಟುಕ್ಕಿಗೂ ಗಂಟಲಿನ ಎರಡು ಪಕ್ಕದ ಬೋಳು ಚರ್ಮ ಉಬ್ಬುತ್ತಿತ್ತು, ಇಳಿಯುತ್ತಿತ್ತು. ತಲೆ ಒಮ್ಮೆ ಕುಣಿಯುತ್ತಿತ್ತು. ಕೊಕ್ಕು ಮಾತ್ರ ಮುಚ್ಚಿಯೇ ಇತ್ತು. ದೂರದಲ್ಲೆಲ್ಲೋ ತಾಮ್ರದ ಹಂಡೆಗೆ ಯಾರೋ ಸುತ್ತಿಗೆಯಲ್ಲಿ ಬಡಿಯುತ್ತಿದ್ದಾರೆ ಅನ್ನಿಸುವ ಆ ಸದ್ದು ಮುಚ್ಚಿದ ಬಾಯಿಂದ ಬರುತ್ತಿತ್ತು.

ಆವತ್ತು ಗಡಿಯಾರ ಹಿಡಿದು ಎಣಿಸಿದೆ. ಒಂದು ನಿಮಿಷಕ್ಕೆ 112 ಟುಕ್. ಮಾರನೆಯ ದಿನ 110. ಅದರ ಮಾರನೆಯ ದಿನ ಮತ್ತೆ 112. ಈ ಹಕ್ಕಿಯ ಕೂಗು ನಿಮಿಷಕ್ಕೆ 108ರಿಂದ 121ರವರೆಗೆ ಇರುತ್ತದೆಂದು ಪಕ್ಷಿಪುಸ್ತಕಗಳು ಹೇಳುತ್ತವೆ. ನಮ್ಮ ಅತ್ತಿ ಮರದ್ದು ಆ ಲೆಕ್ಕದ ಒಳಗೇ ಇದೆ ಎಂದು ಸಮಾಧಾನವಾಯಿತು.

ನನ್ನ ಹಕ್ಕಿ ನೋಟ್‌ಬುಕ್ಕುಗಳು ಇಪ್ಪತ್ತೆರಡು ವರ್ಷದವು. ಅವುಗಳಲ್ಲಿ ಈ ಹಕ್ಕಿಯ ಬಗ್ಗೆ ಇರುವುದೆಲ್ಲ ಒಂದೇ ಬಗೆಯ ಸಾಲು: 'ಕಂಚುಗಾರ, ಬೆ. 7.10, ಕೂಗು.' ಎಷ್ಟು ಹೊತ್ತು ಕೂಗಿತು, ಯಾವಾಗ ನಿಲ್ಲಿಸಿತು, ಮತ್ತೆ ಯಾವಾಗ ಶುರುಮಾಡಿತು ಎನ್ನುವುದು ಯಾವುದರಲ್ಲೂ ಇಲ್ಲ. ಸದ್ದನ್ನು ಕಾಗದದ ಮೇಲೆ ಇಳಿಸುವ ದಾರಿ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಬಹುದು, ಮಾಡಿದ್ದೇನೆ. ಆದರೆ ರೆಕಾರ್ಡ್ ಮಾಡಿದ್ದನ್ನು ಮತ್ತೆ ಕೇಳಬಹುದೇ ಹೊರತು ಬರೆದಂತಾಗುವುದಿಲ್ಲ. ಚಿತ್ರ ಬಿಡಿಸುವವನಿಗೆ ಎಲೆಯ ನರ ಕಾಣುವ ಹಾಗೆ ಫೋಟೋ ತೆಗೆಯುವವನಿಗೆ ಕಾಣುವುದಿಲ್ಲ. ಕೈ ಆಡಿದರೇ ಕಣ್ಣು ನಿಲ್ಲುವುದು.

ಇದನ್ನೆಲ್ಲ ಹೇಳಿಕೊಂಡದ್ದು ಅಕ್ಕನ ಮಗನ ಹತ್ತಿರ. ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬರುತ್ತಾನೆ. ಅವನು ಮಾತಾಡದೆ ನಮ್ಮ ಹಳೆಯ ಡೆಸ್ಕ್‌ಟಾಪ್ ಮುಂದೆ ಕೂತು ಏನನ್ನೋ ಇಳಿಸಿಕೊಂಡ. ಬೂದು ಬಣ್ಣದ ಗುಂಡಿಗಳು, ಕಪ್ಪು ಹಲಗೆ, ಅದರ ಮೇಲೆ ಮೇಲಿಂದ ಕೆಳಕ್ಕೆ ಸಾಲುಗಳು. 'ಮಿಲ್ಕಿಟ್ರ್ಯಾಕರ್ ಅಂತ ಇದರ ಹೆಸರು. ನೀವು ಕೇಳ್ತಿರೋದು ಇದೇ ಮಾವ,' ಅಂದ. 'ಸದ್ದನ್ನ ಸಾಲು ಸಾಲಾಗಿ ಬರೆಯೋದು.'

ಟ್ರ್ಯಾಕರ್‌ನಲ್ಲಿ ಸಂಗೀತ ಎಡದಿಂದ ಬಲಕ್ಕೆ ಹೋಗುವುದಿಲ್ಲ, ಮೇಲಿಂದ ಕೆಳಗಿಳಿಯುತ್ತದೆ. ಒಂದು ಹಲಗೆಗೆ ಪ್ಯಾಟರ್ನ್ ಎನ್ನುತ್ತಾರೆ, ಅದರಲ್ಲಿ 64 ಸಾಲು. ಉದ್ದಕ್ಕೆ ಕಂಬಗಳಿರುತ್ತವೆ. ಅವು ಚಾನೆಲ್‌ಗಳು, ಹಳೆಯ ಪದ್ಧತಿಯಲ್ಲಿ ನಾಲ್ಕೇ. ಸಾಲೂ ಕಂಬವೂ ಕೂಡುವ ಒಂದೊಂದು ಮನೆಯಲ್ಲಿ ಮೂರು ವಿಷಯ ಬರೆಯಬಹುದು: ಯಾವ ಸ್ವರ, ಯಾವ ಧ್ವನಿ, ಆ ಧ್ವನಿಗೆ ಏನು ಮಾಡಬೇಕು. ಏನೂ ಬರೆಯದಿದ್ದರೆ ಅಲ್ಲಿ ಬರೀ ಚುಕ್ಕೆ. ಧ್ವನಿ ಎಂದರೆ ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಮಾಡಿದ ಒಂದು ತುಣುಕು. ಅದು ವೀಣೆಯ ಒಂದು ಮೀಟು ಇರಬಹುದು, ಬಾಗಿಲು ಬಡಿದ ಸದ್ದೂ ಇರಬಹುದು. ನುಡಿಸಿದಾಗ ಪರದೆಯ ನಡುವಿನ ಪಟ್ಟಿ ನಿಂತಲ್ಲೇ ನಿಲ್ಲುತ್ತದೆ, ಸಾಲುಗಳು ಅದರ ಅಡಿಯಲ್ಲಿ ಮೇಲಕ್ಕೆ ಹರಿಯುತ್ತವೆ. ಸೇತುವೆಯ ಮೇಲೆ ನಿಂತು ಹೊಳೆಯಲ್ಲಿ ತೇಲಿಬರುವ ಎಲೆಗಳನ್ನು ನೋಡಿದ ಹಾಗೆ. ಎಲೆ ನಮ್ಮ ಕೆಳಗೆ ಬಂದ ಕ್ಷಣ ಸದ್ದು.

ನನ್ನ ಮೊದಲ ಎರಡು ವಾರ ಹಕ್ಕಿಗಲ್ಲ, ಬೆರಳಿಗೆ ಹೋಯಿತು. ಕಂಪ್ಯೂಟರಿನ ಕೀಲಿಮಣೆಯೇ ಇಲ್ಲಿ ಹಾರ್ಮೋನಿಯಂ. ಕೆಳಗಿನ ಸಾಲಿನ ಝಡ್, ಎಕ್ಸ್, ಸಿ, ವಿ, ಬಿ, ಎನ್, ಎಂ ಬಿಳಿ ಮನೆಗಳು. ಅವುಗಳ ಮೇಲಿನ ಸಾಲಿನ ಎಸ್, ಡಿ, ಜಿ, ಎಚ್, ಜೆ ಕಪ್ಪು ಮನೆಗಳು. ನಡುವೆ ಎಫ್ ಕೀಲಿ ಇದೆ, ಒತ್ತಿದರೆ ಏನೂ ಇಲ್ಲ. ಹಾರ್ಮೋನಿಯಂನಲ್ಲಿ ಆ ಜಾಗದಲ್ಲಿ ಕಪ್ಪು ಮನೆ ಇಲ್ಲವಲ್ಲ, ಅದಕ್ಕೆ. ಮೇಲಿನ ಸ್ಥಾಯಿ ಕ್ಯೂ ಕೀಲಿಯಿಂದ ಶುರು. ಸಿ ಎಂಬ ಕೀಲಿ ಒತ್ತಿದರೆ ಪರದೆಯಲ್ಲಿ ಇ ಎಂಬ ಸ್ವರ ಬೀಳುತ್ತದೆ. ಕೀಲಿಯ ಮೇಲಿನ ಅಕ್ಷರವನ್ನು ಮರೆತು ಅದರ ಜಾಗವನ್ನು ಮಾತ್ರ ನೆನಪಿಡಬೇಕು ಎಂದು ಬೆರಳಿಗೆ ತಿಳಿಯಲು ಒಂದು ವಾರ ಬೇಕಾಯಿತು.

ಏನು ಬರೆಯುವುದು? ಬಾಲ್ಯದಿಂದ ಕಿವಿಗೆ ಬಿದ್ದದ್ದು ಒಂದೇ. ಅಕ್ಕ ಮಹಡಿಯ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಾಳೆ. ಪುರಂದರದಾಸರಿಂದ ಬಂತೆನ್ನುವ ಸರಳೆ ವರಸೆ ಪ್ರತಿ ಸಂಜೆ ಮೆಟ್ಟಿಲಿಳಿದು ಬರುತ್ತದೆ. ಮಾಯಾಮಾಳವಗೌಳ. ಸ ರಿ ಗ ಮ ಪ ದ ನಿ ಸ ಎಂದರೆ ಕೀಲಿಯಲ್ಲಿ ಝಡ್, ಎಸ್, ಸಿ, ವಿ, ಬಿ, ಎಚ್, ಎಂ, ಕ್ಯೂ. ಸ್ಪೇಸ್ ಒತ್ತಿದರೆ ಬರೆಯುವ ಸ್ಥಿತಿ. ಎಂಟು ಸ್ವರ ಏರಿಸಿ, ಎಂಟು ಇಳಿಸಿ, ನುಡಿಸಿದೆ. ಸದ್ದು ಮಿಂಚಿನ ಹಾಗೆ ಓಡಿ ಮುಗಿಯಿತು. ಮಹಡಿಯಿಂದ ಅಕ್ಕನ ದನಿ: 'ಮೂರನೇ ಕಾಲದಲ್ಲಿ ಶುರುಮಾಡಿದೀಯಲ್ಲೋ, ಮೊದಲನೇ ಕಾಲ ಹಾಡು ಮೊದಲು.'

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ಸಾಲಿಗೊಂದು ಸ್ವರ ಬರೆದಿದ್ದೆ. ಪರದೆಯ ಮೇಲೆ ಆ್ಯಡ್ ಎಂಬ ಒಂದು ಸಂಖ್ಯೆ ಇರುತ್ತದೆ; ಒಂದು ಸ್ವರ ಬರೆದ ಮೇಲೆ ಪಟ್ಟಿ ಎಷ್ಟು ಸಾಲು ಕೆಳಗೆ ಜಿಗಿಯಬೇಕು ಎಂಬುದು ಅದು. ಒಂದಿದ್ದದ್ದನ್ನು ನಾಲ್ಕು ಮಾಡಿದೆ. ಈಗ ಒಂದು ಸ್ವರ, ಮೂರು ಖಾಲಿ ಸಾಲು. ಇನ್ನೊಂದು ಸ್ವರ, ಮೂರು ಖಾಲಿ ಸಾಲು. ಹದಿನಾರು ಸ್ವರ ಮುಗಿಯುವ ಹೊತ್ತಿಗೆ ಪಟ್ಟಿ ಸರಿಯಾಗಿ ಹಲಗೆಯ ತಳ ಮುಟ್ಟಿತು. ಹದಿನಾರು ನಾಲ್ಕಲಿ ಅರವತ್ನಾಲ್ಕು. ಮೊದಲ ಸರಳೆ ಆದಿತಾಳದ ಎರಡು ಆವರ್ತನ, ಟ್ರ್ಯಾಕರಿನ ಒಂದು ಹಲಗೆಯೂ ಚತುರಶ್ರ ನಡೆಯಲ್ಲಿ ಆದಿತಾಳದ ಎರಡು ಆವರ್ತನ. ಟ್ರ್ಯಾಕರಿಗೆಂದು ಜರ್ಮನಿಯಲ್ಲಿ ಗೀಚಿದ ಚೌಕಟ್ಟಿನಲ್ಲಿ ದಾಸರ ಸರಳೆ ಒಂದು ಸಾಲೂ ಉಳಿಯದಂತೆ, ಒಂದು ಸಾಲೂ ಮೀರದಂತೆ ಕೂತಿತು. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ರೂಪಕ ತಾಳ ಹೀಗೆ ಕೂರುವುದಿಲ್ಲ ಎಂದು ಆಮೇಲೆ ತಿಳಿಯಿತು. ಅದಕ್ಕೆ 48ನೆಯ ಸಾಲು ಮುಗಿದಲ್ಲೇ ಹಲಗೆ ಮುರಿಯುವ ಆಜ್ಞೆ ಬರೆಯಬೇಕು.

ಇಲ್ಲಿನ ಎಣಿಕೆ ಹದಿನಾರರ ಎಣಿಕೆ. ಒಂಬತ್ತಾದ ಮೇಲೆ ಎ, ಬಿ, ಸಿ, ಡಿ, ಇ, ಎಫ್. ಆಮೇಲೆ ಬರುವ '10' ಎಂದರೆ ಹದಿನಾರು. ಪೂರ್ತಿ ಗಟ್ಟಿ ಸದ್ದು 64, ಅದನ್ನು ಬರೆಯುವುದು 40 ಎಂದು. ಸಣ್ಣವರು ಇದಕ್ಕೆ ತಡವರಿಸುತ್ತಾರಂತೆ. ನನಗೆ ತೊಂದರೆಯಾಗಲಿಲ್ಲ, ಅಜ್ಜ ಕೊನೆಯವರೆಗೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದವರು. 1957ರಲ್ಲಿ ನಯಾಪೈಸೆ ಬರುವ ತನಕ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ರೂಪಾಯಿಗೆ ಅರವತ್ನಾಲ್ಕು ಪೈಸೆ. ಹಲಗೆ ಒಂದು ರೂಪಾಯಿ, ತಾಳದ ಒಂದೊಂದು ಎಣಿಕೆ ಒಂದಾಣೆ, ಸಾಲು ಒಂದು ಪೈಸೆ. ಸಿ40 ಎಂದು ಬರೆದರೆ ಹದಿನಾರಾಣೆ ಸದ್ದು, ಸಿ20 ಎಂದರೆ ಎಂಟಾಣೆ, ಸಿ10 ಎಂದರೆ ನಾಲ್ಕಾಣೆ, ಸಿ00 ಎಂದರೆ ಮೌನ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಈ ಕೋಷ್ಟಕ ಬರೆದುಕೊಂಡೆ; ಈಗ ನೋಡುವ ಅಗತ್ಯ ಬೀಳುವುದಿಲ್ಲ.

ಮೊದಲನೇ ಕಾಲದ ಸರಳೆ ಕೇಳಿ ಅಕ್ಕ ಕೆಳಗಿಳಿದು ಬಂದಳು. ಎರಡು ಸಲ ಕೇಳಿದಳು. ಮೂರನೆಯ ಸಲ ತನ್ನ ತಂಬೂರಿ ತಂದು ಪಕ್ಕದಲ್ಲಿ ಮೀಟಿಕೊಂಡು ಕೇಳಿದಳು. 'ಗಾಂಧಾರ ಚೂರು ಮೇಲಿದೆ ಕಣೋ. ತಂಬೂರಿಯಲ್ಲಿ ತಾನಾಗೇ ಕೇಳಿಸುತ್ತಲ್ಲ, ಆ ಗಾಂಧಾರ ಇದಲ್ಲ.' ಸ್ವಯಂಭೂ ಗಾಂಧಾರ ಎನ್ನುತ್ತಾರೆ ಅದಕ್ಕೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಅದಕ್ಕೆಂದು ತಂತಿ ಇಲ್ಲದಿದ್ದರೂ ಕೇಳಿಬರುವ ಸ್ವರ.

ಈ ವ್ಯತ್ಯಾಸ ಎಲ್ಲಿಂದ ಬಂತೆಂದು ನೋಡಲು ಸ್ವಲ್ಪ ಒಳಗೆ ಇಳಿಯಬೇಕು. ಟ್ರ್ಯಾಕರ್ ಹುಟ್ಟಿದ್ದು ಕಮೊಡೋರ್ ಕಂಪನಿಯ ಅಮಿಗಾ ಎಂಬ ಮನೆ ಕಂಪ್ಯೂಟರಿನಲ್ಲಿ. ಅದರೊಳಗಿನ ಪೌಲಾ ಎಂಬ ಚಿಪ್ಪಿಗೆ ಸ್ವರದ ಹೆಸರು ಗೊತ್ತಿಲ್ಲ. ಸ್ಯಾಂಪಲ್ಲಿನ ಒಂದು ಬಿಂದು ನುಡಿಸಿ ಮುಂದಿನ ಬಿಂದುವಿಗೆ ಹೋಗುವ ಮುನ್ನ ಎಷ್ಟು ಮಿಡಿತ ಕಾಯಬೇಕು ಎಂಬ ಸಂಖ್ಯೆ ಮಾತ್ರ ಗೊತ್ತು. ಯುರೋಪಿನ ಅಮಿಗಾದಲ್ಲಿ ಆ ಮಿಡಿತ ಸೆಕೆಂಡಿಗೆ 35,46,895. ನಡು ಸ್ಥಾಯಿಯ ಷಡ್ಜಕ್ಕೆ 428 ಮಿಡಿತ ಕಾಯುತ್ತದೆ, ತಾರ ಷಡ್ಜಕ್ಕೆ ಅದರ ಅರ್ಧ, 214. ಕಾಯುವುದು ಕಡಿಮೆಯಾದಷ್ಟೂ ಸ್ವರ ಮೇಲೆ. ನಮ್ಮ ಗಾಂಧಾರಕ್ಕೆ ಟ್ರ್ಯಾಕರ್ ಇಟ್ಟಿರುವ ಸಂಖ್ಯೆ 339. ಅದು ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿದ ಪಿಯಾನೋದ ಗಾಂಧಾರ. ತಂಬೂರಿಯ ಗಾಂಧಾರ ಷಡ್ಜದ ಒಂದೂಕಾಲು ಪಟ್ಟು. 428ನ್ನು ಐದರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ 342 ಚಿಲ್ಲರೆ. ವ್ಯತ್ಯಾಸ ಮೂರೇ ಮೂರು ಮಿಡಿತ. ಗಾಂಧಾರದ ಮನೆಯಲ್ಲಿ ಇ23 ಎಂದು ಬರೆದೆ, ಸ್ವರವನ್ನು ಸೂಕ್ಷ್ಮವಾಗಿ ಮೂರು ಇಳಿಸು ಎಂದು ಅದರ ಅರ್ಥ. ಮತ್ತೆ ನುಡಿಸಿದೆ. ಅಕ್ಕ ಏನೂ ಅನ್ನಲಿಲ್ಲ, ತಂಬೂರಿ ಮೀಟುವುದನ್ನೂ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 'ನಿಷಾದಕ್ಕೂ ಅದನ್ನೇ ಮಾಡು' ಅಂದು ಎದ್ದಳು. ಅವಳ ಕಿವಿ ಹಿಡಿದ ಮೂರು ಮಿಡಿತ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಈ ಬರವಣಿಗೆಯ ತವರಿನ ಬಗ್ಗೆ ಇಷ್ಟು ಹೇಳಬೇಕು. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾಕ್ಕೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದರು. ನಾಲ್ಕು ಚಾನೆಲ್, 15 ಧ್ವನಿ. ಆಮೇಲೆ ಬಂದವರು ಅದನ್ನು ಬಿಚ್ಚಿ ತಿದ್ದಿ ಬೆಳೆಸಿದರು. ಸ್ವೀಡನ್ನಿನ ನಾಯ್ಸ್‌ಟ್ರ್ಯಾಕರ್ ಹೊತ್ತಿಗೆ ಧ್ವನಿಗಳು 31 ಆಗಿದ್ದವು, 1990ರಲ್ಲಿ ಪ್ರೋಟ್ರ್ಯಾಕರ್ ಬಂತು. ಪಿಸಿಗೆ 1994ರಲ್ಲಿ ಫಿನ್ಲೆಂಡಿನಿಂದ ಸ್ಕ್ರೀಮ್ ಟ್ರ್ಯಾಕರ್ 3, ಸ್ವೀಡನ್ನಿನಿಂದ ಫಾಸ್ಟ್‌ಟ್ರ್ಯಾಕರ್ 2 ಬಂದವು. ನಾನು ಕಲಿತ ಮಿಲ್ಕಿಟ್ರ್ಯಾಕರ್ ಈ ಕೊನೆಯದರ ಜಾಡಿನದು. ಬರೆದವರಲ್ಲೂ ಬಳಸಿದವರಲ್ಲೂ ಹೆಚ್ಚಿನವರು ಮೀಸೆ ಮೂಡುವ ವಯಸ್ಸಿನ ಹುಡುಗರು. ಅವರಿಗೆ ಗುರುಗಳಿರಲಿಲ್ಲ, ಪಠ್ಯವಿರಲಿಲ್ಲ. ಇದ್ದದ್ದು ಒಂದೇ ಅನುಕೂಲ: ಮಾಡ್ಯೂಲ್ ಎನ್ನುವ ಈ ಕಡತದಲ್ಲಿ ಧ್ವನಿಯ ತುಣುಕೂ ಇರುತ್ತದೆ, ಸ್ವರಲಿಪಿಯೂ ಇರುತ್ತದೆ. ಹಾಡು ಕೈಗೆ ಬಂದರೆ ಅದನ್ನು ಕಟ್ಟಿದ ಬಗೆಯೂ ಬಂದ ಹಾಗೆ. ಇಡೀ ಒಂದು ಹಲಗೆಯ ಬರಹ 1024 ಬೈಟು. ಫ್ಲಾಪಿಯಲ್ಲಿ ಅಂಚೆಗೆ ಹಾಕುತ್ತಿದ್ದರು. ಪಡೆದವನು ತನ್ನ ಟ್ರ್ಯಾಕರಿನಲ್ಲಿ ತೆರೆದು, ಸಾಲು ಹರಿಯುವುದನ್ನು ನೋಡುತ್ತಾ ಕಲಿಯುತ್ತಿದ್ದ. ಒಂದೊಂದು ಧ್ವನಿಗೆ ಹೆಸರಿಡಲು 22 ಅಕ್ಷರದ ಜಾಗವಿತ್ತು. ಅಲ್ಲಿ ಧ್ವನಿಯ ಹೆಸರು ಬಿಟ್ಟು ಗೆಳೆಯರಿಗೆ ನಮಸ್ಕಾರ, ತನ್ನ ಊರು, ಬರೆದು ಮುಗಿಸಿದ ರಾತ್ರಿಯ ಗಂಟೆ, ಹೀಗೆ ಬರೆಯುತ್ತಿದ್ದರು. ಮಾವಿನ ಬುಟ್ಟಿಯ ಹುಲ್ಲಿನ ನಡುವೆ ಚೀಟಿ ಇಟ್ಟು ಕಳಿಸುವ ಹಾಗೆ.

ನಾನೂ ಹಾಗೇ ಒಂದು ಹಳೆಯ ಮಾಡ್ಯೂಲಿನ ಮುಂದೆ ಒಂದು ವಾರ ಕೂತೆ. ಕಾಡಿನಲ್ಲಿ ಹಕ್ಕಿಗಳ ಮಿಶ್ರ ಬೇಟೆ ಗುಂಪು ಬಂದಾಗ ಎಲ್ಲವನ್ನೂ ನೋಡಲು ಹೋದರೆ ಒಂದೂ ಕಾಣುವುದಿಲ್ಲ. ಒಂದನ್ನು ಹಿಡಿದು ಅದರ ಹಿಂದೆ ಕಣ್ಣು ಓಡಿಸಬೇಕು. ಮೂರು ಚಾನೆಲ್ ಮುಚ್ಚಿ ಒಂದನ್ನೇ ಕೇಳಿದೆ. ಮೊದಲ ದಿನ ತಾಳವಾದ್ಯದ ಕಂಬ, ಎರಡನೆಯ ದಿನ ಮಂದ್ರ. ಮೂರನೆಯ ಕಂಬದಲ್ಲಿ ಒಂದೇ ಸ್ವರ ಬರೆದಿದ್ದರೂ ಮೂರು ಸ್ವರ ಒಟ್ಟಿಗೆ ಝೇಂಕರಿಸುತ್ತಿದ್ದವು. ಪಕ್ಕದಲ್ಲಿ 037 ಎಂದಿತ್ತು. ಒಂದು ಸಾಲಿಗೆ ಸಾಮಾನ್ಯವಾಗಿ ಆರು ಟಿಕ್. ಮೊದಲ ಟಿಕ್ಕಿನಲ್ಲಿ ಬರೆದ ಸ್ವರ, ಎರಡನೆಯದರಲ್ಲಿ ಅದಕ್ಕಿಂತ ಮೂರು ಮನೆ ಮೇಲಿನದು, ಮೂರನೆಯದರಲ್ಲಿ ಏಳು ಮನೆ ಮೇಲಿನದು, ಮತ್ತೆ ಮೊದಲಿಂದ. ಟಿಕ್ ಎಂದರೆ ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು. ಅಷ್ಟು ಬೇಗ ತಿರುಗಿದರೆ ಕಿವಿಗೆ ಮೂರೂ ಒಂದಾಗಿ ಕೇಳುತ್ತದೆ. ಒಂದು ಕಂಬದಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ ಕೂರಬಹುದು, ಹೊಸದು ಬಂದು ಕೂತರೆ ಹಳೆಯದು ಹಾರುತ್ತದೆ. ಇರುವುದು ನಾಲ್ಕೇ ಕೊಂಬೆ. ಆ ಇಕ್ಕಟ್ಟಿನಲ್ಲಿ ಹುಟ್ಟಿದ ಉಪಾಯ ಇದು. ಬಂಡೆಯ ಬಿರುಕಿನಲ್ಲಿ ಬೇರು ಚಪ್ಪಟೆಯಾಗುವುದನ್ನು ನೋಡಿದಾಗ ಆಗುವ ಮೆಚ್ಚುಗೆಯೇ ಇಲ್ಲೂ ಆಯಿತು.

ಮಾರ್ಚ್ ಬಂತು. ಕಂಚುಗಾರನ ಸದ್ದು ಫೋನಿನಲ್ಲಿತ್ತು, ಅದರಿಂದ ಒಂದೇ ಒಂದು ಟುಕ್ ಕತ್ತರಿಸಿ ಸ್ಯಾಂಪಲ್ ಮಾಡಿಕೊಂಡೆ. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಅದು ಬತ್ತದ ಕಾಳಿನ ಹಾಗೆ, ನಡುವೆ ಉಬ್ಬಿ ಎರಡೂ ತುದಿ ಚೂಪು. ಟ್ರ್ಯಾಕರ್ ತೆರೆದಾಗ ಇರುವ ವೇಗ 125. ಸಾಲು ನಾಲ್ಕಕ್ಕೊಂದು ಸ್ವರ ಬರೆದರೆ ನಿಮಿಷಕ್ಕೆ 125 ಬರುತ್ತವೆ. ಯಂತ್ರದ ಸಹಜ ನಡಿಗೆಗೂ ಈ ಹಕ್ಕಿಯ ನಡಿಗೆಗೂ ಅಷ್ಟೇ ಅಂತರ. ನಾನು ಮೊದಲ ಸಾಲಿನಲ್ಲಿ ಎಫ್70 ಎಂದು ಬರೆದೆ. ಹದಿನಾರರ ಎಣಿಕೆಯಲ್ಲಿ 70 ಎಂದರೆ ಏಳು ಹದಿನಾರು, ನೂರಾಹನ್ನೆರಡು. ಹದಿನಾರು ಟುಕ್ ಬರೆದು ನುಡಿಸಿದೆ.

ಅದು ಹಕ್ಕಿಯಾಗಿರಲಿಲ್ಲ, ಗಡಿಯಾರವಾಗಿತ್ತು. ಮತ್ತೆ ಹೋಗಿ ಅತ್ತಿ ಮರದ ಕೆಳಗೆ ಕೂತೆ. ಹೀಗೆ ಐದು ಬೆಳಿಗ್ಗೆ. ಮೊದಲು ತಿಳಿದದ್ದು ತಲೆಯ ವಿಷಯ. ಹಕ್ಕಿ ಒಂದು ಕಡೆ ಮುಖಮಾಡಿ ನಾಲ್ಕೈದು ಸಲ ಕೂಗುತ್ತದೆ, ಆಮೇಲೆ ಇನ್ನೊಂದು ಕಡೆ ತಿರುಗುತ್ತದೆ. ಅದಕ್ಕೇ ಸದ್ದು ಒಮ್ಮೆ ಹತ್ತಿರ ಒಮ್ಮೆ ದೂರ ಅನ್ನಿಸುವುದು, ಹಕ್ಕಿ ಎಲ್ಲಿದೆಯೆಂದು ಹುಡುಕುವವನು ಮರ ತಪ್ಪಿ ನೋಡುವುದು. ಅಮಿಗಾದಲ್ಲಿ ಒಂದು ಮತ್ತು ನಾಲ್ಕನೆಯ ಚಾನೆಲ್ ಪೂರ್ತಿ ಎಡಕ್ಕೆ, ಎರಡು ಮತ್ತು ಮೂರು ಪೂರ್ತಿ ಬಲಕ್ಕೆ. ಹೆಡ್‌ಫೋನಿನಲ್ಲಿ ಹಳೆಯ ಮಾಡ್ಯೂಲ್ ಕೇಳುವವರಿಗೆ ಇದು ಕಿರಿಕಿರಿ, ನನಗೆ ವರವಾಯಿತು. ಮೊದಲ ಎರಡು ಕಂಬದಲ್ಲೂ ಟುಕ್ ಬರೆದೆ. ಹಕ್ಕಿ ಎಡಕ್ಕೆ ತಿರುಗಿದ್ದಾಗ ಒಂದನೆಯದಕ್ಕೆ ಸಿ40, ಎರಡನೆಯದಕ್ಕೆ ಸಿ18. ಹದಿನಾರಾಣೆ ಈ ಕಡೆ, ಆರಾಣೆ ಆ ಕಡೆ. ಬಲಕ್ಕೆ ತಿರುಗಿದಾಗ ಅದಲುಬದಲು. ನುಡಿಸಿದರೆ ತಲೆ ತಿರುಗಿತು!

ಎರಡನೆಯದು ಸೂಕ್ಷ್ಮ. ಕೆಲವು ಟುಕ್ ಒಂದು ಎಳೆ ತಡವಾಗಿ ಬೀಳುತ್ತವೆ, ತಲೆ ತಿರುಗಿದ ಮೇಲಿನ ಮೊದಲನೆಯದು ಹೆಚ್ಚಾಗಿ. ರೆಕಾರ್ಡಿಂಗಿನ ಅಲೆಯ ಮೇಲೆ ಅಳತೆ ಹಾಕಿ ನೋಡಿದೆ, ನಿಜ. ಇಡಿ1 ಎಂದು ಬರೆದರೆ ಸ್ವರ ಒಂದು ಟಿಕ್ ತಡ, ಇಡಿ2 ಎಂದರೆ ಎರಡು. ಈ ವೇಗದಲ್ಲಿ ಒಂದು ಟಿಕ್ ಸೆಕೆಂಡಿನ ಸಾವಿರದಲ್ಲಿ 22 ಪಾಲು. ತಡವಾದ ಮನೆಗಳಲ್ಲಿ ಇಡಿ1 ಹಾಕುತ್ತಾ ಬಂದೆ. ಒಂದು ಮನೆಯಲ್ಲಿ ಒಂದೇ ಆಜ್ಞೆ ಹಿಡಿಸುವುದು ಹಳೆಯ ಪದ್ಧತಿ. ತಡವೂ ಬೇಕು, ಗಟ್ಟಿತನವೂ ಬೇಕು ಎಂದಾಗ ಅಕ್ಕನ ಮಗ ಫೋನಿನಲ್ಲಿ ದಾರಿ ಹೇಳಿದ: 'ಅದೇ ಟುಕ್ಕನ್ನ ಇನ್ನೊಂದು ಧ್ವನಿಯಾಗಿ ಇಟ್ಕೊಳ್ಳಿ ಮಾವ, ಅದರ ವಾಲ್ಯೂಮ್ ಮೊದಲೇ ಕಡಿಮೆ ಮಾಡಿ.' ಹೀಗೆ ನನ್ನ ಪಟ್ಟಿಯಲ್ಲಿ ಒಂದೇ ಹಕ್ಕಿಯ ಎರಡು ಧ್ವನಿ: 'ಟುಕ್ ಈ ಕಡೆ', 'ಟುಕ್ ಆ ಕಡೆ'.

ಒಂದು ತಪ್ಪನ್ನು ಇಲ್ಲಿ ಬರೆದಿಡಬೇಕು. ಮೊದಲ ಸಲ ತಲೆ ತಿರುಗಿದ ಖುಷಿಯಲ್ಲಿ ಕಿಟಕಿ ತೆರೆದೇ ಇತ್ತೆಂಬುದನ್ನು ಮರೆತು ಸ್ಪೀಕರಿನಲ್ಲಿ ನುಡಿಸಿದೆ. ಹೊರಗೆ ಕೂಗುತ್ತಿದ್ದ ಹಕ್ಕಿ ಥಟ್ಟನೆ ನಿಲ್ಲಿಸಿತು. ಕೊಂಬೆ ಬದಲಿಸಿ ಕಿಟಕಿಯ ಹತ್ತಿರದ ರೆಂಬೆಗೆ ಬಂತು, ಮೈ ಸೆಟೆದು ಕೂತು ನೋಡಿತು. ಪಕ್ಕದ ಮನೆಯ ನುಗ್ಗೆ ಮರದ ಒಣಗೊಂಬೆಯಲ್ಲಿ ಆ ಜೋಡಿ ಗೂಡಿಗೆ ತೂತು ಕೊರೆಯುತ್ತಿದ್ದ ದಿನಗಳವು. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಅದು ತಿಳಿದಿದ್ದರೆ ಅದರ ತಪ್ಪಲ್ಲ. ಇಪ್ಪತ್ತು ನಿಮಿಷ ಅದು ಕೂಗಲಿಲ್ಲ, ಕೆಲಸಕ್ಕೂ ಹೋಗಲಿಲ್ಲ. ಅಂದಿನಿಂದ ಕಿಟಕಿ ಮುಚ್ಚಿದ್ದರೂ ಹೆಡ್‌ಫೋನ್ ಇಲ್ಲದೆ ನಾನು ಹಕ್ಕಿಯ ಹಲಗೆಗಳನ್ನು ನುಡಿಸುವುದಿಲ್ಲ. ಹಕ್ಕಿಯ ಕೂಗನ್ನು ಹಕ್ಕಿಗೇ ಕೇಳಿಸುವುದು, ಅದೂ ಗೂಡಿನ ಕಾಲದಲ್ಲಿ, ಮಾಡಬಾರದ ಕೆಲಸ.

ಕೋಗಿಲೆಯನ್ನೂ ಬರೆದೆ. ಏಪ್ರಿಲ್‌ನ ಬೆಳಗಿನ ಜಾವ ಐದಕ್ಕೂ ಮುಂಚೆ ಶುರು. ಒಂದೊಂದು ಕೂಗೂ ಕೆಳಗಿಂದ ಮೇಲಕ್ಕೆ ಜಾರುತ್ತದೆ, ಮುಂದಿನದು ಇನ್ನೂ ಮೇಲಿನಿಂದ ಶುರುವಾಗುತ್ತದೆ. ಏಳನೆಯದೋ ಎಂಟನೆಯದೋ ತುದಿ ಮುಟ್ಟಿ ಕಡಿದು ಬೀಳುತ್ತದೆ, ಮತ್ತೆ ಕೆಳಗಿಂದ. ಸ್ವರ ಏರಿಸುವ ಆಜ್ಞೆ 1ರಿಂದ ಶುರುವಾಗುತ್ತದೆ. 108 ಬರೆದರೆ ಸೈರನ್ ಆಯಿತು, 103ಕ್ಕೆ ಸೋಮಾರಿಯಾಯಿತು, 105 ಹೊಂದಿತು. ಆದರೆ ಆರನೆಯ ಕೂಗಿಗೆ ಅದೇ 105 ಮತ್ತೆ ಸೈರನ್. ಕಾರಣ ಆ ಮಿಡಿತದ ಲೆಕ್ಕವೇ: 428ರಿಂದ ಐದು ಕಳೆಯುವುದಕ್ಕೂ 240ರಿಂದ ಐದು ಕಳೆಯುವುದಕ್ಕೂ ಕಿವಿಗೆ ಆಗುವ ಅಂತರ ಬೇರೆ. ಮೇಲೆ ಹೋದಂತೆ ಸಂಖ್ಯೆ ಇಳಿಸುತ್ತಾ ಹೋಗಬೇಕು. ಎಂಟು ಕೂಗಿಗೆ ಹನ್ನೊಂದು ದಿನ ಹಿಡಿಯಿತು. ಅಷ್ಟಾದರೂ ಕೊನೆಯ ಕೂಗಿನ ಒಡಕು ನನಗೆ ಸಿಕ್ಕಿಲ್ಲ. ಬೆಂಗಳೂರು ಮೈಸೂರಿನ ತೋಟಗಳಲ್ಲೆಲ್ಲ ಇರುವ ಬಿಳಿಗಲ್ಲದ ಕುಟ್ರು ಹಕ್ಕಿ ಇನ್ನೂ ಬಾಕಿ; ಅದು ಟರ್ರೆಂದು ಉರುಳಿಸಿ ಆಮೇಲೆ ಕುಟ್ರೂ ಎನ್ನುತ್ತದೆ, ಆ ಉರುಳಿಗೆ ಒಂದೇ ಸಾಲಿನಲ್ಲಿ ಸ್ವರವನ್ನು ಮತ್ತೆ ಮತ್ತೆ ತಟ್ಟುವ ಇ9 ಆಜ್ಞೆ ಸರಿಹೋಗಬಹುದು.

ಕಂಚುಗಾರನಿಗೇ ಮರಳಿದೆ. ಒಂದು ಬೆಳಿಗ್ಗೆ 7.05ರಿಂದ 7.12ರವರೆಗಿನ ಏಳು ನಿಮಿಷವನ್ನು ಪೂರ್ತಿ ಬರೆಯಬೇಕೆಂದು ಹಟ ಹಿಡಿದೆ. ಒಂದು ಹಲಗೆಗೆ ಹದಿನಾರು ಟುಕ್, ಎಂಟೂವರೆ ಸೆಕೆಂಡಿಗಿಂತ ಚೂರು ಹೆಚ್ಚು. ಯಾವ ಹಲಗೆ ಆದಮೇಲೆ ಯಾವುದು ಎಂಬುದನ್ನು ಪಕ್ಕದಲ್ಲಿ ಆರ್ಡರ್ ಪಟ್ಟಿಯಲ್ಲಿ ಬರೆಯಬೇಕು, ಒಂದೇ ಹಲಗೆಯನ್ನು ಎಷ್ಟು ಸಲವಾದರೂ ಕರೆಯಬಹುದು. ಮೊದಮೊದಲು ನನ್ನ ಕಣ್ಣೆಲ್ಲ ಟುಕ್ ಬಿದ್ದ ಸಾಲುಗಳ ಮೇಲಿತ್ತು. ಬರೆಯುತ್ತಾ ಹೋದಂತೆ ತಿಳಿಯಿತು, 64ರಲ್ಲಿ 48 ಸಾಲು ಖಾಲಿ. ಖಾಲಿ ಸಾಲನ್ನೂ ದಾಟಿಯೇ ಮುಂದೆ ಹೋಗಬೇಕು, ಅದಕ್ಕೂ ಸಂಖ್ಯೆ ಇದೆ, ಅದಕ್ಕೂ ಹೊತ್ತು ಹಿಡಿಯುತ್ತದೆ. ಇಪ್ಪತ್ತೆರಡು ವರ್ಷದ ನೋಟ್‌ಬುಕ್ಕಿನಲ್ಲಿ ನಾನು ಒಮ್ಮೆಯೂ ಹಕ್ಕಿ ಸುಮ್ಮನಿದ್ದದ್ದನ್ನು ಬರೆದಿಲ್ಲ. ಈಗ ಮರದ ಕೆಳಗೆ ಕೂತಾಗ ಅದನ್ನು ಎಣಿಸುತ್ತೇನೆ. ಒಂದು ಸರಣಿ ಮುಗಿದು ಇನ್ನೊಂದು ಶುರುವಾಗುವ ನಡುವೆ ರೆಕ್ಕೆ ಕೆರೆಯುತ್ತದೆ, ಕೊಕ್ಕನ್ನು ರೆಂಬೆಗೆ ಉಜ್ಜುತ್ತದೆ, ದೂರದಿಂದ ಕುಕ್ಕರಹಳ್ಳಿ ಕೆರೆಯ ಕಡೆಯ ಇನ್ನೊಂದು ಕಂಚುಗಾರನ ಸದ್ದು ಬಂದರೆ ಕತ್ತು ಚಾಚಿ ಕೇಳುತ್ತದೆ. ಅಷ್ಟೂ ಹೊತ್ತು ಹಲಗೆಯಲ್ಲಿ ಬರೀ ಚುಕ್ಕೆ.

ಏಳು ನಿಮಿಷ ಬರೆಯಲು ಮೇ ಮುಗಿಯಿತು. ಕಡತವನ್ನು ಅಕ್ಕನ ಮಗನಿಗೆ ಕಳಿಸಿದೆ. ಧ್ವನಿಗಳ ಹೆಸರಿನ ಜಾಗದಲ್ಲಿ ಮರದ ಹೆಸರು, ತಾರೀಕು, 'ಮಳೆ ಇಲ್ಲ, ತೆಳು ಮೋಡ' ಎಂದು ಬರೆದಿದ್ದೆ. ರಾತ್ರಿ ಫೋನ್ ಬಂತು.

'ಮಾವ, ಚೆನ್ನಾಗಿದೆ. ಒಂದು ಕಡೆ ಮಾತ್ರ ಮರೆತಿದೀರಿ ಅನ್ಸುತ್ತೆ. ಆರ್ಡರ್‌ನಲ್ಲಿ ಮಧ್ಯದಲ್ಲಿ ಖಾಲಿ ಪ್ಯಾಟರ್ನ್ ಏಳು ಸಲ ಬಂದಿದೆ. ತೆಗೆದುಬಿಡ್ಲಾ?'

'ಬೇಡಪ್ಪ. ಏಳು ಹಲಗೆ ಅಂದರೆ ಸರಿಯಾಗಿ ಒಂದು ನಿಮಿಷ. ಆಗ ಅದು ಅತ್ತಿಹಣ್ಣು ತಿಂತಿತ್ತು.'